ದೊನ್ಯಾ ಲಿಹಿಯಾ ಮನೆಯ ಹತ್ತೊಂಬತ್ತು ಜನ

ನಮ್ಮ ಲಾ ಕಾಲೆರಾ ಕೇರಿಯಲ್ಲಿ ಯಾರೂ ವಾಸ ಇಲ್ಲ. ಕಾಗದದ ಮಾತು ಹೇಳ್ತಿದೀನಿ. ಮೈ ಇಲ್ಲೇ ಇರುತ್ತೆ, ತಗಡಿನ ಸೂರಿನ ಕೆಳಗೆ, ಹೊಳೆಯ ನಾತ ಕುಡ್ಕೊಂಡು. ಕಾಗದ ಮಾತ್ರ ಬೇರೆ ಕಡೆ ಇರುತ್ತೆ.

ಯಾಕಂದ್ರೆ ಕೆಲಸಕ್ಕೆ ಅರ್ಜಿ ಹಾಕೋವಾಗ ವಿಳಾಸದ ಜಾಗದಲ್ಲಿ ಲಾ ಕಾಲೆರಾ ಅಂತ ಬರೆದ್ರೋ, ಅರ್ಜಿ ಅಲ್ಲೇ ಸತ್ತಂಗೆ. ಎದುರು ಕೂತವನು ಓದ್ತಾನೆ. ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸ್ತಾನೆ. ಮೇಜಿನ ಮೇಲಿದ್ದ ಫೋನು ಎತ್ತಿ ಜೇಬಿಗೆ ಹಾಕ್ಕೋತಾನೆ. ಆಮೇಲೆ ಬಹಳ ಮರ್ಯಾದೆಯಿಂದ, ನಾವೇ ಕರೀತೀವಿ ಅಂತಾನೆ. ನಾನು ಇಪ್ಪತ್ತು ವರ್ಷದ ಹಿಂದೆ ನಿಕರಾಗ್ವಾದಿಂದ ಗಡಿ ದಾಟಿ ಬಂದಾಗ ಒಬ್ಬ ಹಾಗೆ ಅಂದಿದ್ದ. ಇನ್ನೂ ಕರೀತಾನೇ ಇದಾನೆ.

ಫ್ರಿಜ್ಜು ಕೊಂಡಾಗ್ಲೂ ಅದೇ ಕಥೆ. ಅಂಗಡಿಯೋನು ನಗ್ತಾ ನಗ್ತಾ ದುಡ್ಡು ತಗೊಂಡ. ಎಲ್ಲಿಗೆ ಕಳಿಸ್ಬೇಕು ಅಂತ ಕೇಳಿ, ಉತ್ತರ ಕೇಳಿಸ್ಕೊಂಡ ಮೇಲೆ, ನಮ್ಮ ಗಾಡಿ ಅಲ್ಲಿಗೆ ಬರಲ್ಲ ಅಂದ. ನಾವು ನಾಲ್ಕು ಹೆಂಗಸರು ಆ ಫ್ರಿಜ್ಜನ್ನ ಹೆಣ ಹೊತ್ತ ಹಾಗೆ ಹೊತ್ಕೊಂಡು ತೂಗುಸೇತುವೆ ದಾಟಿದ್ವಿ. ಕಿರಾಣಿ ಅಂಗಡಿಯ ತೆಯೋಫಿಲೊ ಮುಂದೆ ನಿಂತು ಕೈಬೀಸಿ ದಾರಿ ಬಿಡಿಸ್ತಿದ್ದ. ದಾರೀಲಿ ಒಬ್ಬಳು ಮುದುಕಿ ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡ್ಲು. ನನ್ನ ಬಲಭುಜ ಅವತ್ತು ಹೋದದ್ದು ಇನ್ನೂ ವಾಪಸ್ ಬಂದಿಲ್ಲ.

ಅದಕ್ಕೇ ನಾವು ವಿಳಾಸ ಕಡ ತರ್ತೀವಿ. ಈರುಳ್ಳಿ, ಸಕ್ಕರೆ ಕಡ ತಂದ ಹಾಗೇ. ಯಾರಾದ್ರೂ ಒಳ್ಳೇ ಬಡಾವಣೆಯ ಮನೇಲಿ ಕೆಲಸಕ್ಕಿದ್ರೆ ಆ ಮನೆಯ ವಿಳಾಸ ಅವರ ನಂಟರಿಗೆ, ನೆರೆಯೋರಿಗೆ, ನೆರೆಯೋರ ಭಾವಮೈದನಿಗೆ. ನಮ್ಮ ಸಾನ್ ಹೊಸೆ ಊರಲ್ಲಿ ಈ ವಿಷಯ ಗೊತ್ತಿಲ್ಲದೋರು ಅಂದ್ರೆ ಅರ್ಜಿ ಓದೋರು ಮಾತ್ರ.

ನನ್ನ ಕೈಲಿರೋ ವಿಳಾಸ ದೊನ್ಯಾ ಲಿಹಿಯಾದು. ದೊನ್ಯಾ ಅಂದ್ರೆ ಅಮ್ಮಾವ್ರು ಅಂದ ಹಾಗೆ. ನಾನು ಎರ್ಮೆಲಿಂಡಾ. ವಾರದಲ್ಲಿ ಎರಡು ದಿನ ಆಕೆ ಮನೇಲಿ ಪಾತ್ರೆ, ಇಸ್ತ್ರಿ, ಮಿಕ್ಕ ದಿನ ಕಚೇರಿಗಳ ನೆಲ ಒರೆಸೋದು. ಬ್ಲೀಚು ತಿಂದು ತಿಂದು ನನ್ನ ಉಗುರೆಲ್ಲ ಅರ್ಧರ್ಧ ಆಗಿವೆ. ದೊನ್ಯಾ ಲಿಹಿಯಾ ಪಿಯಾನೊ ಟೀಚರ್ ಆಗಿದ್ದೋಳು, ಮದುವೆ ಬೇಡ ಅಂತ ಮೂರು ಗಂಡುಗಳನ್ನ ಗೇಟಿಂದಲೇ ಓಡಿಸಿದೋಳು. ಎಂಬತ್ತು ದಾಟಿದೆ, ನಾಲಗೆಗೆ ಇನ್ನೂ ಇಪ್ಪತ್ತು. ಮೊದಲು ನನಗೊಬ್ಬಳಿಗೆ ಅಂತ ವಿಳಾಸ ಕೊಟ್ಟಳು. ಆಮೇಲೆ ಅಂಚೆಯೋನು ಯಾರ್ಯಾರದೋ ಹೆಸರಿನ ಕಾಗದ ತಂದು ಸುರಿಯೋಕೆ ಶುರು ಮಾಡಿದ.

"ಎರ್ಮೆಲಿಂಡಾ, ನನ್ನ ಮನೇಲಿ ಈಗ ಒಬ್ಬ ವೆಲ್ಡರ್ ಇದಾನೆ ಅಂತ ಗೊತ್ತಾಯ್ತು" ಅಂದ್ಲು ಒಂದಿನ, ಲಕೋಟೆ ಎತ್ತಿ ಹಿಡಿದು. "ಇಷ್ಟು ಜನ ಇದೀರಿ, ಒಬ್ಬರೂ ಒಂದು ಲೋಟ ಕಾಫಿ ಮಾಡ್ಕೊಡಲ್ಲ."

"ದೊನ್ಯಾ, ಬೇಡ ಅಂದ್ರೆ ನಿಲ್ಲಿಸ್ತೀನಿ."

"ಬೇಡ ಅಂತ ಎಲ್ಲಿ ಅಂದೆ? ವೆಲ್ಡರ್‌ಗೆ ಹೇಳು, ಗೇಟಿನ ಚಿಲಕ ಸರಿ ಇಲ್ಲ ಅಂತ."

ಈಗ ನನ್ನ ಮಗಳು ಯೊರ್ಲೆನಿ ವಿಷಯಕ್ಕೆ ಬರ್ತೀನಿ. ಲೆಕ್ಕಶಾಸ್ತ್ರದಲ್ಲಿ ಡಿಗ್ರಿ ಮಾಡಿದಾಳೆ, ಒಂದು ಸಣ್ಣ ಕಾಲೇಜಲ್ಲಿ, ಅದೂ ಕಡ ತಂದ ವಿಳಾಸದ ಮೇಲೇನೇ. ಈಗ ಕಿವಿಗೆ ಫೋನು ಸಿಕ್ಕಿಸ್ಕೊಂಡು ಯಾವುದೋ ದೇಶದೋರ ಕೆಟ್ಟುಹೋದ ಕಾಫಿ ಮಷೀನಿನ ಬೈಗುಳ ಕೇಳೋ ಕೆಲಸ. ಅವಳಿಗೆ ಮಾಸ್ಟರ್ಸ್ ಮಾಡ್ಬೇಕು, ಡೇಟಾ ಅನಾಲಿಟಿಕ್ಸ್‌ನಲ್ಲಿ. ಹಾಗಂದ್ರೇನೇ ಅಂತ ಕೇಳಿದೆ. ಬೆಟ್ಟದಷ್ಟು ಲೆಕ್ಕ ಮುಂದೆ ಸುರ್ಕೊಂಡು, ಅದರಲ್ಲಿ ಯಾರು ಏನು ಮಾಡ್ತಾರೆ, ನಾಳೆ ಏನಾಗುತ್ತೆ ಅಂತ ಹುಡುಕೋದು ಅಂದ್ಲು. ಕಾಳಲ್ಲಿ ಕಲ್ಲು ಆರಿಸೋದು ಅಂದೆ. ಹೂಂ ಅಮ್ಮ, ಆದ್ರೆ ಯಾವುದು ಕಲ್ಲು ಅಂತ ತೀರ್ಮಾನ ಮಾಡೋರು ಅವರೇ, ಅಂದ್ಲು. ಅವಳು ಮಾತಾಡೋದೇ ಹಾಗೆ. ಯಾರ ಮಗಳು ಹೇಳಿ.

ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ಸೀಟು ಫೀಸಿಲ್ಲದ್ದು. ಅದು ಸಿಕ್ಕಿದ್ರೆ ಓದು, ಇಲ್ಲಾಂದ್ರೆ ಜೀವನ ಪೂರ್ತಿ ಕಾಫಿ ಮಷೀನು. ಅಷ್ಟೇ ನಮ್ಮ ಮುಂದಿದ್ದ ದಾರಿ.

ಅರ್ಜಿ ಹಾಕೋ ಕಡೇ ದಿನ ಸಂಜೆ ಅವಳು ಕಂಪ್ಯೂಟರ್ ಮುಂದೆ ಕೂತು ಹಲ್ಲು ಕಡೀತಿದ್ಲು. ಅರ್ಜಿಯಲ್ಲಿ ಎಲ್ಲಾ ತುಂಬಿ ಆಗಿತ್ತು, ವಿಳಾಸ ಬಿಟ್ಟು. ಕೈಯಿಂದ ಬರೆಯೋ ಹಾಗಿಲ್ಲ. ಅವರು ಕೊಟ್ಟ ಪಟ್ಟಿಯಿಂದಲೇ ಬಡಾವಣೆ ಆರಿಸ್ಬೇಕು. ಪಟ್ಟೀಲಿ ಊರಿಗೂರೇ ಇತ್ತು. ಗಾಲ್ಫ್ ಮೈದಾನದ ಹೆಸರಿತ್ತು. ದೊಡ್ಡ ಸ್ಮಶಾನದ ಹೆಸರೂ ಇತ್ತು. ಲಾ ಕಾಲೆರಾ ಇಲ್ಲ.

"ಸತ್ತೋರು ಅರ್ಜಿ ಹಾಕ್ಬಹುದು, ನಾನು ಹಾಕೋ ಹಾಗಿಲ್ಲ" ಅಂದ್ಲು ಯೊರ್ಲೆನಿ.

"ದೊನ್ಯಾ ಲಿಹಿಯಾ ಮನೆ ಹಾಕು, ಮುಗೀತು."

"ಈ ಸಲ ಬೇಡಮ್ಮ. ಲೆಕ್ಕ ಓದೋಕೆ ಹೋಗೋಳು ಸುಳ್ಳು ಲೆಕ್ಕ ಕೊಟ್ಟು ಹೋಗ್ಲಾ?"

"ನಿನ್ನ ಸತ್ಯ ತಗೊಂಡು ಒಲೆ ಮೇಲಿಟ್ಟು ಬೇಯಿಸ್ತೀಯಾ? ಸೀಟು ಸಿಗ್ಲಿ, ಆಮೇಲೆ ಸತ್ಯ ಹೇಳ್ಕೊಂಡು ಓಡಾಡು."

ಅವಳು ಕೈ ಕಟ್ಕೊಂಡು ಕೂತ್ಲು. ಬಟನ್ ಒತ್ತಿದ್ದು ನಾನೇ. ಈ ಬೆರಳು. ನನಗೆ ಅದರಲ್ಲಿ ನಾಚಿಕೆ ಏನೂ ಇಲ್ಲ.

ಹತ್ತು ದಿನಕ್ಕೆ ವಿಶ್ವವಿದ್ಯಾಲಯದಿಂದ ಕಾಗದ ಬಂತು. ಸಂದರ್ಶನಕ್ಕೆ ಬನ್ನಿ, ನಿಮ್ಮ ವಿಳಾಸದ ಬಗ್ಗೆ ಒಂದು ಅನುಮಾನ ಇದೆ, ಮನೆಯ ಯಜಮಾನಿಯನ್ನೂ ಕರ್ಕೊಂಡು ಬನ್ನಿ ಅಂತ. ನಾನು ದೊನ್ಯಾ ಲಿಹಿಯಾ ಹತ್ರ ಓಡಿದೆ.

"ನನ್ನ ಮಂಡಿ ಗೇಟಿನವರೆಗೂ ಹೋಗಲ್ಲ" ಅಂದ್ಲು ಆಕೆ. "ನೀನೇ ನಾನಾಗಿ ಹೋಗು."

"ನಾನಾ?"

"ಹೇಗೂ ನನ್ನ ಬಟ್ಟೆ ನನಗಿಂತ ಜಾಸ್ತಿ ಮುಟ್ಟಿರೋಳು ನೀನೇ." ರೇಷ್ಮೆ ಬ್ಲೌಸು, ಮುತ್ತಿನ ಸರ, ಚರ್ಮದ ಕೈಚೀಲ ಎಲ್ಲಾ ತೆಗೆಸಿ ಹಾಕಿಸಿದ್ಲು. "ಕೇಳು. ಕಮ್ಮಿ ಮಾತಾಡು. ಏನು ಕೇಳಿದ್ರೂ ಬೇಜಾರಾದೋಳ ಥರ ಮುಖ ಮಾಡು. ಬೆನ್ನು ನೆಟ್ಟಗಿಡು. ಯಾರಿಗೂ ದಾರಿ ಬಿಡ್ಬೇಡ."

ದಾರಿ ಬಿಡದೇ ಇರೋದು ಬಹಳ ಕಷ್ಟ. ಬಸ್ಸು ಹತ್ತೋವಾಗ ಎರಡು ಸಲ ಅಭ್ಯಾಸ ಬಲದಿಂದ ಪಕ್ಕಕ್ಕೆ ಸರಿದುಬಿಟ್ಟೆ. ಅದಕ್ಕಿಂತ ಮುಂಚೆ ಬಸ್ ನಿಲ್ದಾಣದಲ್ಲಿ ಕೂತು ಬೂಟು ಬದಲಾಯಿಸಿದ್ವಿ. ಅದು ನಮ್ಮೋರೆಲ್ಲರ ಪದ್ಧತಿ. ಕೆಸರಿನ ಬೂಟು ಪ್ಲಾಸ್ಟಿಕ್ ಚೀಲಕ್ಕೆ, ಒಳ್ಳೇ ಬೂಟು ಕಾಲಿಗೆ. ಕೆಸರು ಮೆತ್ಕೊಂಡ ಕಾಲು ನೋಡಿದ್ರೆ ಸಾಕು, ಹುಡುಗಿ ಎಲ್ಲಿಯೋಳು ಅಂತ ಊರಿಗೆ ಗೊತ್ತಾಗಿಬಿಡುತ್ತೆ.

ವಿಶ್ವವಿದ್ಯಾಲಯದ ಗೇಟಲ್ಲಿ ವಿಲ್ಬರ್ತ್ ನಿಂತಿದ್ದ. ನಮ್ಮ ಮನೆಯಿಂದ ಮೂರನೇ ಮನೆಯೋನು, ಅಲ್ಲಿ ಆರು ವರ್ಷದಿಂದ ಕಾವಲುಗಾರ. ನನ್ನನ್ನ ನೋಡಿ ಟೋಪಿ ಎತ್ತಿದ.

"ಏನಕ್ಕಾ ಈ ವೇಷ? ಯಾರು ಹೋಗ್ಬಿಟ್ರು?"

"ಬಾಯಿ ಮುಚ್ಚೋ. ಇವತ್ತು ನಾನು ದೊನ್ಯಾ ಲಿಹಿಯಾ."

"ಓ, ಹಾಗಾದ್ರೆ ನನ್ನ ಮನೆ ಯಜಮಾನಿ." ಅವನದೂ ಅದೇ ವಿಳಾಸ ತಾನೇ. "ಬಚ್ಚಲ ಮನೆ ನಲ್ಲಿ ಸೋರ್ತಿದೆ ದೊನ್ಯಾ, ಯಾವಾಗ ಸರಿ ಮಾಡಿಸ್ತೀರಾ?"

ಎರಡನೇ ಮಹಡಿಯಲ್ಲಿ ಆ ಕೋರ್ಸಿನ ಮುಖ್ಯಸ್ಥನ ಕೋಣೆ. ಡಾಕ್ಟರ್ ಸಾಬೊರಿಯೊ ಅಂತ. ಔಷಧಿ ಕೊಡೋ ಡಾಕ್ಟರ್ ಅಲ್ಲ, ಓದಿದ ಡಾಕ್ಟರ್. ಗಡ್ಡ, ಓಡೋಕೆ ಹೊರಟೋನ ಥರ ಬೂಟು, ಮುಖದ ತುಂಬಾ ನಗು. ಕೆಟ್ಟವನಲ್ಲ. ಕೆಟ್ಟವನಾಗಿದ್ರೆ ಬೈದು ಎದ್ದು ಬರ್ಬಹುದಿತ್ತು. ನನಗೆ ಕುರ್ಚಿ ಎಳೆದು ಕೊಟ್ಟ. ನನ್ನ ಐವತ್ತು ವರ್ಷದಲ್ಲಿ ಯಾರೂ ನನಗೆ ಕುರ್ಚಿ ಎಳೆದು ಕೊಟ್ಟಿರ್ಲಿಲ್ಲ. ಒಂದು ಗಳಿಗೆ ಬ್ಲೌಸಿನ ಮೇಲೆ ಪ್ರೀತಿ ಬಂತು.

"ದೊನ್ಯಾ ಲಿಹಿಯಾ, ನಿಮ್ಮ ಮನೇಲಿ ಎಷ್ಟು ಜನ ಇದೀರಿ?"

ನಾನು ಬೇಜಾರಿನ ಮುಖ ಮಾಡಿದೆ. "ಬರ್ತಾರೆ, ಹೋಗ್ತಾರೆ."

"ಯೊರ್ಲೆನಿ ಸೇರಿದ್ರೆ ಇಪ್ಪತ್ತು" ಅಂದು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದ. "ನಮ್ಮ ವಿದ್ಯಾರ್ಥಿಗಳು ಮಾಡಿದ ಯಂತ್ರ ಇದನ್ನ ಪತ್ತೆ ಹಚ್ಚಿದೆ. ನಮ್ಮಲ್ಲೇ ಕೆಲಸ ಮಾಡೋ ಹತ್ತೊಂಬತ್ತು ಜನ ನಿಮ್ಮ ಮನೇಲಿದಾರೆ. ಕಾವಲುಗಾರರು ಐದು, ಅಡುಗೆಮನೆಯೋರು ನಾಲ್ಕು, ಕಸ ಗುಡಿಸೋರು ಒಂಬತ್ತು, ಒಬ್ಬ ತೋಟದ ಮಾಲಿ. ಎಷ್ಟು ಕೋಣೆ ಇದೆ ಮೇಡಂ?"

"ಮೂರು."

"ಹಾಗಾದ್ರೆ ಹೇಗೆ ಮಲಗ್ತಾರೆ?"

"ಪಾಳಿ ಮೇಲೆ."

ಅದನ್ನೂ ಬರ್ಕೊಂಡ, ಪುಣ್ಯಾತ್ಮ. ಯೊರ್ಲೆನಿ ಮೇಜಿನ ಕೆಳಗೆ ನನ್ನ ಕಾಲು ತುಳಿದ್ಲು.

ಆಮೇಲೆ ಅವನಿಗೆ ತನ್ನ ಯಂತ್ರದ ಮೇಲಿನ ಹೆಮ್ಮೆ ತಡೆಯೋಕಾಗ್ಲಿಲ್ಲ. ಊರಿನ ನಕ್ಷೆ ತೆಗೆದು ತೋರಿಸಿದ. ಯಾವ ಬಡಾವಣೆಯಿಂದ ಎಷ್ಟು ಜನ ಓದೋಕೆ ಅರ್ಜಿ ಹಾಕಿದಾರೆ ಅಂತ ಚುಕ್ಕಿ ಇಟ್ಟ ನಕ್ಷೆ. ಒಳ್ಳೇ ಬಡಾವಣೆಗಳ ಮೇಲೆ ಸಿಡುಬು ಎದ್ದ ಹಾಗೆ ಚುಕ್ಕಿ. ಹೊಳೆ ಪಕ್ಕದಲ್ಲಿ ಒಂದು ಬಿಳೀ ತೇಪೆ.

"ಇಲ್ಲಿ ಏನಿದೆ ಸಾರ್?" ಯೊರ್ಲೆನಿ ಬೆರಳಿಟ್ಟು ಕೇಳಿದ್ಲು.

"ಅದಾ? ಲಾ ಕಾಲೆರಾ. ಅಲ್ಲಿಂದ ಇವತ್ತಿನವರೆಗೆ ಒಂದೂ ಅರ್ಜಿ ಬಂದಿಲ್ಲ. ಆಸಕ್ತಿ ಸೊನ್ನೆ. ಅಲ್ಲೊಂದು ಸಂಜೆ ತರಗತಿ ಶುರು ಮಾಡೋ ಯೋಚನೆ ಇತ್ತು, ಈ ನಕ್ಷೆ ನೋಡಿ ಕೈಬಿಟ್ವಿ. ಬೇಜಾರಿನ ವಿಷಯ. ಆದ್ರೆ ಅಂಕಿ ಅಂಶ ಸುಳ್ಳು ಹೇಳಲ್ಲ ನೋಡಿ."

ಆಸಕ್ತಿ ಸೊನ್ನೆಯಂತೆ. ಕರೆಂಟು ಹೋದ್ರೆ ಬೀದಿ ದೀಪದ ಕೆಳಗೆ, ಅದೂ ಹೋದ್ರೆ ತೆಯೋಫಿಲೊ ಅಂಗಡಿಯ ಮೇಣದಬತ್ತಿ ಮುಂದೆ, ಮಂಡಿ ಮೇಲೆ ಪುಸ್ತಕ ಇಟ್ಕೊಂಡು ಓದಿದೋಳು ನನ್ನ ಮಗಳು. ಅವಳ ಫೀಸಿಗೆ ಅಂತ ನಾನು ಮಂಡಿಯೂರಿ ಒರೆಸಿದ ನೆಲ ಹಾಸಿದ್ರೆ ಗಡಿವರೆಗೆ ಹೋಗುತ್ತೆ. ಆದ್ರೂ ನಾನು ಬಾಯಿ ಬಿಡ್ಲಿಲ್ಲ. ಸೀಟು ಮುಖ್ಯ. ಬೇಜಾರಿನ ಮುಖ ಮಾಡ್ಕೊಂಡೇ ಕೂತೆ. ಈಗ ಅದಕ್ಕೆ ಕಷ್ಟಪಡ್ಬೇಕಾಗಿರ್ಲಿಲ್ಲ.

ಯೊರ್ಲೆನಿ ಬಾಯಿ ಬಿಟ್ಲು.

"ಸಾರ್, ನಾನು ಇರೋದು ಆ ಬಿಳೀ ಜಾಗದಲ್ಲಿ. ಆ ಹತ್ತೊಂಬತ್ತು ಜನಾನೂ ಅಲ್ಲಿಯೋರೇ. ಅಲ್ಲಿಂದ ನಿಮಗೆ ಅರ್ಜಿ ಬರ್ತಾನೇ ಇದೆ. ಅಲ್ಲಿ ಅಂತ ಬರೆದ್ರೆ ನೀವು ತಗೊಳ್ಳಲ್ಲ ಅಂತ ಬೇರೆ ಮನೆ ಬರೀತೀವಿ. ನಾವು ಇಲ್ಲ ಅಂತ ನಿಮ್ಮ ನಕ್ಷೆ ಹೇಳುತ್ತೆ. ನಕ್ಷೆ ನೋಡಿ ನೀವು ತರಗತಿ ಬೇಡ ಅಂತೀರಾ. ಇದು ಅಂಕಿ ಅಂಶ ಅಲ್ಲ ಸಾರ್, ಇದು ನೀವೇ ಮುಚ್ಚಿದ ಬಾಗಿಲು."

ಮುಗೀತು, ಅಂದ್ಕೊಂಡೆ. ಅವಳ ತೊಡೆ ಚಿವುಟಿದೆ. ಕಲ್ಲಿನ ಥರ ಕೂತಿದ್ಲು.

ಡಾಕ್ಟರ್ ಸಾಬೊರಿಯೊ ಗಡ್ಡ ಕೆರ್ಕೊಂಡ. ಆಮೇಲೆ ದನಿ ಇಳಿಸಿ, ಬಹಳ ಉಪಕಾರ ಮಾಡೋನ ಥರ ಅಂದ: "ಯೊರ್ಲೆನಿ, ಈಗ ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ. ದೊನ್ಯಾ ಲಿಹಿಯಾ ವಿಳಾಸದ ಮೇಲೆ ನಮ್ಮ ಯಂತ್ರ ನಿಮಗೆ ಎಂಬತ್ತೆಂಟು ಅಂಕ ಕೊಟ್ಟಿದೆ. ಆ ಬಡಾವಣೆಯೋರು ಓದು ಅರ್ಧಕ್ಕೆ ಬಿಡಲ್ಲ ಅಂತ ಅದಕ್ಕೆ ಗೊತ್ತು. ಅಲ್ಲೇ ವಾಸ ಇದೀನಿ ಅಂತ ಇಲ್ಲೊಂದು ಸಹಿ ಹಾಕಿ. ಸೀಟು ನಿಮ್ಮದು."

ಪೆನ್ನು ಮುಂದೆ ಇಟ್ಟ.

"ಹಾಕೇ" ಅಂದೆ ನಾನು, ಹಲ್ಲಿನ ಸಂದಿಯಿಂದ.

ಅವಳು ಪೆನ್ನು ತಗೊಂಡ್ಲು. ಅದನ್ನ ನೋಡಿದ್ಲು. ವಾಪಸ್ ಇಟ್ಲು.

"ಹಾಕಲ್ಲ. ಲಾ ಕಾಲೆರಾ ನಿಮ್ಮ ಪಟ್ಟಿಗೆ ಸೇರಿಸಿ. ಸೇರಿಸೋವರೆಗೂ ಇಲ್ಲಿಂದ ಏಳಲ್ಲ."

ಸಾಬೊರಿಯೊ ನನ್ನ ಕಡೆ ತಿರುಗಿದ. "ಮೇಡಂ, ನೀವು ತಿಳಿದೋರು, ನೀವಾದ್ರೂ ಹೇಳಿ. ಆ ಜಾಗದ ಹೆಸರು ಹಣೆಗೆ ಅಂಟಿಸ್ಕೊಂಡು ಓಡಾಡ್ತೀನಿ ಅಂತಾಳಲ್ಲ. ನಿಮ್ಮಂಥೋರ ಮನೇಲಿ ಅಲ್ಲಿಂದ ಕೆಲಸದೋರು ಬರ್ತಾರಲ್ಲ, ನಿಮಗೇ ಗೊತ್ತು. ಒಳ್ಳೇವ್ರೂ ಇರ್ತಾರೆ, ಆದ್ರೆ ಚಮಚ ಎಣಿಸಿ ಇಡ್ಬೇಕು."

ನನಗೆ ಸೀಟು ಮರೆತುಹೋಯ್ತು. ಸತ್ಯವಾಗ್ಲೂ ಮರೆತುಹೋಯ್ತು. ಮುತ್ತಿನ ಸರ ಬಿಚ್ಚಿ ಅವನ ಮೇಜಿನ ಮೇಲಿಟ್ಟೆ. ಎರಡೂ ಕೈ ಅದರ ಪಕ್ಕದಲ್ಲಿ ಚಾಚಿದೆ, ಉಗುರು ಮೇಲೆ ಮಾಡಿ.

"ನೋಡು ಡಾಕ್ಟರೇ" ಅಂದೆ. "ಚಮಚ ತೊಳೆಯೋ ಕೈ ಇದು. ಇಪ್ಪತ್ತು ವರ್ಷದಿಂದ ಆ ಮನೆ ಚಮಚ ನಾನೇ ತೊಳ್ದಿದೀನಿ, ಒಂದೂ ಕಮ್ಮಿ ಆಗಿಲ್ಲ. ನಾನು ದೊನ್ಯಾ ಲಿಹಿಯಾ ಅಲ್ಲ. ಆಕೆ ಬಟ್ಟೆಗೆ ಇಸ್ತ್ರಿ ಹಾಕೋಳು, ಇವಳ ತಾಯಿ, ಲಾ ಕಾಲೆರಾದೋಳು. ಕುರ್ಚಿ ಎಳೆದು ಕೊಟ್ಟಿದ್ದು ಬ್ಲೌಸಿಗಾದ್ರೆ ಹೇಳು, ಬಿಚ್ಚಿ ಕೊಟ್ಟು ಹೋಗ್ತೀನಿ."

ಪಾಪ, ಅವನು ಕಣ್ಣು ಮುಚ್ಕೊಂಡ. ನಾನು ನಿಜವಾಗ್ಲೂ ಬಿಚ್ತೀನಿ ಅಂದ್ಕೊಂಡ್ನೋ ಏನೋ. ಆಮೇಲೆ ಮುಖ ಕೆಂಪಗಾಗಿ, ಸುಳ್ಳು ಗುರುತು ಹೇಳೋದು ಅಪರಾಧ ಅಂತ ಶುರು ಮಾಡಿ, ಫೋನು ಎತ್ತಿ ಕಾವಲುಗಾರನನ್ನ ಕರೆದ.

ಬಂದವನು ವಿಲ್ಬರ್ತ್.

"ಇವರಿಬ್ಬರನ್ನೂ ಹೊರಗೆ ಕರ್ಕೊಂಡು ಹೋಗು" ಅಂದ ಸಾಬೊರಿಯೊ.

ವಿಲ್ಬರ್ತ್ ನಿಂತ. ಯೊರ್ಲೆನಿ ಕುರ್ಚಿಯ ಎರಡೂ ಕೈ ಹಿಡ್ಕೊಂಡಿದ್ಲು. ನಾನು ಕಣ್ಣಲ್ಲೇ ವಿಲ್ಬರ್ತ್‌ಗೆ ಹೇಳಿದೆ: ಎಳ್ಕೊಂಡು ಹೋಗಪ್ಪ, ನಿನ್ನ ಕೆಲಸ ಮಾಡು. ಅವನ ಮನೇಲಿ ಎರಡು ಸಣ್ಣ ಕೂಸಿದೆ, ಒಂದಕ್ಕೆ ಇನ್ನೂ ಹಲ್ಲು ಬಂದಿಲ್ಲ. ಕಾವಲು ಕಂಪನಿಯೋರು ಒಂದು ಮಾತಿಗೆ ಮನೆಗೆ ಕಳಿಸ್ತಾರೆ.

"ಏನು ನೋಡ್ತಾ ನಿಂತೆ?"

ವಿಲ್ಬರ್ತ್ ಟೋಪಿ ತೆಗೆದ. ಪರದೆಯ ಮೂಲೇಲಿ ಆ ಹತ್ತೊಂಬತ್ತು ಹೆಸರು ಇನ್ನೂ ಇದ್ವು, ಅದರಲ್ಲಿ ತನ್ನದನ್ನ ನೋಡಿದ.

"ಆಗಲ್ಲ ಸಾರ್. ಆ ಹತ್ತೊಂಬತ್ತರಲ್ಲಿ ನಾನೂ ಒಬ್ಬ." ನಮ್ಮ ಕಡೆ ಕೈ ತೋರಿಸಿದ. "ಇವರನ್ನ ಹೊರಗೆ ಹಾಕಿದ್ರೆ ನನ್ನನ್ನೂ ಹಾಕ್ಬೇಕಾಗುತ್ತೆ. ನನ್ನ ಕೈಯಲ್ಲಿ ನನ್ನ ಕುತ್ತಿಗೆ ಹಿಡ್ಕೊಂಡು ನಾನೇ ಹೇಗೆ ಹೋಗ್ಲಿ?"

ಅಷ್ಟಕ್ಕೇ ಬಿಟ್ಟಿದ್ರೆ ಅವನು ವಿಲ್ಬರ್ತ್ ಅಲ್ಲ. ಹೆಗಲ ಮೇಲಿದ್ದ ವಾಕಿಟಾಕಿ ಒತ್ತಿ ಅಂದ: "ದೊನ್ಯಾ ಲಿಹಿಯಾ ಮನೆಯೋರೆಲ್ಲ ಎರಡನೇ ಮಹಡಿಗೆ ಬನ್ನಿ. ಮನೆ ವಿಷಯ."

ಬಂದ್ರು. ಮೊದಲು ಗುಡಿಸೋ ಹೆಂಗಸರು, ಬಕೆಟ್ಟು ಕೋಲು ಸಮೇತ. ಆಮೇಲೆ ಅಡುಗೆಮನೆಯ ನೂಬಿಯಾ, ಕೈಲಿ ಸೌಟು, ಸೌಟಿಂದ ಕಾಳಿನ ರಸ ತೊಟ್ಟಿಕ್ತಾ ಇತ್ತು. ಮಾಲಿ ಬಂದ. ಬೇರೆ ಗೇಟಿನ ಕಾವಲುಗಾರರು ಬಂದ್ರು. ಯಾರೂ ಕೂಗಲಿಲ್ಲ. ವಿಲ್ಬರ್ತ್ ನಾಲ್ಕು ಮಾತಲ್ಲಿ ವಿಷಯ ಹೇಳಿದ. ಎಲ್ಲರೂ ಗೋಡೆಗೆ ಒರಗಿ ನಿಂತ್ರು. ಅಷ್ಟು ದಿನ ಆ ಕೋಣೆಯಲ್ಲಿ ಅವರು ನಿಂತದ್ದೇ ಇಲ್ಲ, ಒರೆಸ್ಕೊಂಡು ಹೋಗಿದ್ದಷ್ಟೇ.

"ಯಂತ್ರ ಸರಿಯಾಗೇ ಹಿಡಿದಿದೆ ಸಾರ್" ಅಂದ್ಲು ನೂಬಿಯಾ, ಪರದೆ ಮೇಲೆ ತನ್ನ ಹೆಸರು ಹುಡುಕಿ. "ಮನೆ ಒಂದು ತಪ್ಪು, ಅಷ್ಟೇ."

ಫೋನು ಬಡ್ಕೊಂಡಿತು. ಕೆಳಗಿಂದ ಡೀನ್. ಊಟದ ಸಾಲು ಬಾಗಿಲು ದಾಟಿದೆ, ಬಡಿಸೋರು ಒಬ್ರೂ ಇಲ್ಲ, ಗೇಟು ತೆಗೆದೇ ಬಿದ್ದಿದೆ, ಎಲ್ಲಿ ಹೋದ್ರು ಇವರೆಲ್ಲ ಅಂತ ಕೇಳ್ತಿದ್ದ. "ನನ್ನ ಕೋಣೇಲಿದಾರೆ" ಅಂದ ಸಾಬೊರಿಯೊ, ಸಣ್ಣ ದನೀಲಿ. "ಹೌದು, ಎಲ್ಲರೂ. ಈಗ ಕಳಿಸ್ತೀನಿ." ಫೋನಿಟ್ಟು ನಮ್ಮ ಮುಖ ನೋಡಿದ. ನಾವು ಅವನ ಮುಖ ನೋಡಿದ್ವಿ. ನೂಬಿಯಾ ಸೌಟು ಕೈ ಬದಲಾಯಿಸಿದ್ಲು.

ಕೊನೆಗೆ ಕಂಪ್ಯೂಟರ್ ತನ್ನ ಕಡೆ ತಿರುಗಿಸ್ಕೊಂಡು ಏನೇನೋ ಕುಟ್ಟಿದ. ಪಟ್ಟೀಲಿ ಗಾಲ್ಫ್ ಮೈದಾನ ಆದ್ಮೇಲೆ ಲಾ ಕಾಲೆರಾ ಬಂದು ಕೂತಿತು. ಅಷ್ಟು ಸುಲಭ. ಇಷ್ಟು ವರ್ಷ ಆ ಒಂದು ಗಳಿಗೆ ಕೆಲಸಕ್ಕೆ ಯಾರಿಗೂ ಪುರುಸೊತ್ತಿರ್ಲಿಲ್ಲ. ಅವನು ಯೊರ್ಲೆನಿ ಅರ್ಜಿ ತೆಗೆದು ವಿಳಾಸ ಬದಲಾಯಿಸಿದ. ಪರದೆ ಒಂದು ಸಲ ಕಪ್ಪಾಗಿ ಮತ್ತೆ ಬೆಳಗಿತು. ಎಂಬತ್ತೆಂಟು ಇದ್ದ ಜಾಗದಲ್ಲಿ ಹನ್ನೊಂದು ಅಂತ ಬಂತು, ಕೆಂಪಗೆ.

"ನೋಡಿದ್ರಾ?" ಅಂದ ಸಾಬೊರಿಯೊ. ಅವನ ದನೀಲಿ ಗೆದ್ದ ಖುಷಿ ಇರ್ಲಿಲ್ಲ, ಅದು ನನಗೆ ನೆನಪಿದೆ. "ನಾನು ಇದನ್ನೇ ತಪ್ಪಿಸೋಕೆ ನೋಡಿದ್ದು. ಈ ಜಾಗದಿಂದ ಬಂದು ಇಲ್ಲಿ ಓದು ಮುಗಿಸಿದೋರು ಇಲ್ಲ. ಸೇರಿಸ್ಕೊಬೇಡಿ ಅಂತಿದೆ ಯಂತ್ರ. ನಾನೇನು ಮಾಡ್ಲಿ?"

ಎಂಬತ್ತೆಂಟು ಇತ್ತಲ್ಲೇ ಮುಂಡೇದೇ, ಅಂತ ಮನಸಲ್ಲೇ ಬೈದೆ. ಅದೇ ಹುಡುಗಿ. ಅದೇ ತಲೆ, ಅದೇ ಅಂಕಪಟ್ಟಿ. ಹೊಳೆ ದಾಟಿಸಿದ್ದಕ್ಕೆ ಎಪ್ಪತ್ತೇಳು ಅಂಕ ಹೋಯ್ತು.

ಯೊರ್ಲೆನಿ ಮಾತ್ರ ಪರದೆಗೆ ಹತ್ತಿರ ಬಗ್ಗಿ ನೋಡಿದ್ಲು. ಅವಳು ನಗ್ತಿದ್ಲು.

"ಸಾರ್, ಅಲ್ಲಿಂದ ಎಷ್ಟು ಜನ ಸೇರಿ ಫೇಲಾಗಿದಾರೆ?"

"ಯಾರೂ ಇಲ್ಲ. ಸೇರಿದೋರೇ ಇಲ್ಲವಲ್ಲ."

"ಹಾಗಾದ್ರೆ ನನ್ನನ್ನ ಸೇರಿಸ್ಕೊಳ್ಳಿ. ನಾನು ಮುಗಿಸ್ತೀನಿ. ಲಾ ಕಾಲೆರಾದೋರು ನೂರಕ್ಕೆ ನೂರು ಓದು ಮುಗಿಸ್ತಾರೆ ಅಂತ ಬರುತ್ತೆ ನಿಮ್ಮ ಯಂತ್ರದಲ್ಲಿ."

"ಒಬ್ಬರನ್ನ ಇಟ್ಕೊಂಡು ಹಾಗೆಲ್ಲ ತೀರ್ಮಾನಕ್ಕೆ ಬರೋಕಾಗಲ್ಲ ಯೊರ್ಲೆನಿ. ಇದು ನಿಮಗೇ ಗೊತ್ತು. ಮೊದಲ ತರಗತಿಯ ಪಾಠ."

"ಸೊನ್ನೆ ಇಟ್ಕೊಂಡು ಬಂದ್ರಲ್ಲ ಸಾರ್."

ಅರ್ಥ ಆದೋರು ಎಷ್ಟು ಜನವೋ ಗೊತ್ತಿಲ್ಲ. ನನಗೆ ಅರ್ಥ ಆಯ್ತು. ಅವನಿಗೂ ಆಯ್ತು. ಆಮೇಲೆ ಯಂತ್ರ ಬೇಡ ಅಂದ್ರೂ ಮೇಲಿನೋರು ಬೇಕು ಅನ್ನೋ ಒಂದು ಬಟನ್ ಇದೆಯಂತೆ, ಅದನ್ನ ಹುಡುಕಿದ. ಕಾರಣ ಬರೆಯಿರಿ ಅಂತ ಒಂದು ಜಾಗ ಬಂತು. ಏನು ಬರೆದ್ನೋ ನಾನು ಓದ್ಲಿಲ್ಲ. ಒತ್ತಿದ.

"ಸೀಟು ನಿಮ್ಮದು" ಅಂದ. ಕರವಸ್ತ್ರ ತೆಗೆದು ಹಣೆ ಒರೆಸ್ಕೊಂಡು ಎದ್ದು ನಿಂತ. "ಇನ್ನು ಎಲ್ಲರೂ ಕೆಲಸಕ್ಕೆ ಹೋಗಿ."

ಯಾರೂ ಅಲುಗಾಡ್ಲಿಲ್ಲ. ವಿಲ್ಬರ್ತ್ ಟೋಪಿ ಕಂಕುಳಲ್ಲಿ ಇಟ್ಕೊಂಡು ಮುಂದೆ ಬಂದ. ಸಾಬೊರಿಯೊನ ಕುರ್ಚಿ ಹಿಂದಕ್ಕೆ ಎಳೆದು, ಬಹಳ ಮರ್ಯಾದೆಯಿಂದ ಅಂದ:

"ಕೂತ್ಕೊಳ್ಳಿ ಸಾರ್. ವಿಳಾಸ ಬದಲಾಯಿಸೋರು ಇನ್ನೂ ಹತ್ತೊಂಬತ್ತು ಜನ ಇದೀವಿ."